ಹುರಳಿ ತಿಂದ ತೋಳು

ಗೋಪಮ್ಮ ಮತ್ತೆ ಚೀಲ ಬೆನ್ನಿಗೇರಿಸಿದಳು. ಹಿತ್ತಲ ಬಾಗಿಲ ಸಂದಿಗೆ ಕಣ್ಣಿಟ್ಟಿದ್ದ ಹಂಪಯ್ಯ ಬೆರಳು ಮಡಚಿ ಎಣಿಸತೊಡಗಿದ.

ಚೀಲದ ತುಂಬ ಉಸುಕು. ಹೊತ್ತವಳು ಅವನ ಹೆಂಡತಿ, ಐವತ್ತರ ಹೆಂಗಸು. ಮನೆಗೆ ಒಂದು ಸುತ್ತು ಬಂದಳು, ಎರಡು, ಮೂರು. ಏದುಸಿರಿಲ್ಲ, ನಡುಕವಿಲ್ಲ. ಐದಾದ ಮೇಲೆ ಚೀಲ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೆರಡು ಬೊಗಸೆ ಉಸುಕು ಸುರಿದು ಬಾಯಿ ಕಟ್ಟಿದಳು. ಆ ರಟ್ಟೆ ಕಂಡರೆ ಮಾನ್ವಿಯ ಅಕ್ಕಿ ಗಿರಣಿಯ ಹಮಾಲರೂ ದಾರಿ ಬಿಡಬೇಕು.

ಈ ತೋಳು ಯಾರಿಗಾಗಿ ತಯಾರಾಗುತ್ತಿದೆ ಎಂಬ ಬಗ್ಗೆ ಹಂಪಯ್ಯನಿಗೆ ಅನುಮಾನವೇ ಇರಲಿಲ್ಲ.

ತಪ್ಪು ಅವನದೇ. ಹೋದ ವರ್ಷ ಅವನು ಜ್ವರದಲ್ಲಿ ಯಮನ ಬಾಗಿಲು ತಟ್ಟಿ ಮನೆಗೆ ಮರಳಿದ ದಿನವೇ ಗೋಪಮ್ಮ, “ಇನ್ನ ನಾ ಮಾಂಸ ಮುಟ್ಟಂಗಿಲ್ಲ” ಎಂದಿದ್ದಳು. ಕಾರಣ ಹೇಳಲಿಲ್ಲ. ಕೇಳುವ ಶಕ್ತಿ ಅವನಿಗೂ ಇರಲಿಲ್ಲ. ಪ್ರೀತಿ ಉಕ್ಕಿ, “ನೀ ಬಿಟ್ರ ನಾನೂ ಬಿಟ್ಟೆ” ಎಂದು ಅವಳ ಅಂಗೈ ಮುಟ್ಟಿ ಆಣೆ ಮಾಡಿಬಿಟ್ಟ. ಪ್ರೀತಿ ಉಕ್ಕುವಾಗ ನಾಲಿಗೆ ಬಿಗಿ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಂಪಯ್ಯ ಸರ್ಕಾರಿ ಕಚೇರಿಯ ಜವಾನ. ಶುಕ್ರವಾರಕ್ಕೊಮ್ಮೆ ಟಪಾಲು ಹಿಡಿದು ರಾಯಚೂರಿಗೆ ಹೋಗಬೇಕು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ. ಮೂರನೇ ಶುಕ್ರವಾರವೇ ಆಣೆ ಮಟನ್ ಬಿರಿಯಾನಿಯಲ್ಲಿ ಮುಳುಗಿತು. ಆಮೇಲೆ ತೇಲಲೇ ಇಲ್ಲ.

ಗೋಪಮ್ಮ ಮಾತ್ರ ಮಾತಿಗೆ ಗಟ್ಟಿ. ದೇವದುರ್ಗದ ತವರಿನಿಂದ ಹುರಳಿ, ಶೇಂಗಾ ತರಿಸಿದಳು. ಮುಂಜಾನೆ ಮೊಳಕೆ ಬಂದ ಹೆಸರುಕಾಳು. ಮಧ್ಯಾಹ್ನ ಜೋಳದ ರೊಟ್ಟಿ, ಹುರಳಿ ಪಲ್ಯ, ಗಟ್ಟಿ ಮೊಸರು. ಸಂಜೆಗೆ ಮೀಲ್ ಮೇಕರ್ ಎಂಬ ಸೋಯಾ ಉಂಡೆ ಹಾಕಿದ ಸಾರು. ಪಟ್ಟಿ ಬರೆದುಕೊಟ್ಟವಳು ಓಣಿಯ ಶಶಿಕಲಾ, ಊರಿನಲ್ಲಿ ಹೆಂಗಸರಿಗೆಂದು ಜಿಮ್ ತೆರೆದ ಹುಡುಗಿ.

ಅದು ಸಾಲದೆಂದು ಮನೆಗೆ ತೂಕದ ಯಂತ್ರವೂ ಬಂತು. ಭಾನುವಾರ ಬಂದರೆ ಗೋಪಮ್ಮನ ಅಪ್ಪಣೆ: “ಏರ್ರಿ ಇದರ ಮ್ಯಾಲ.”

“ಯಾಕ?”

“ಜಡ್ಡಿನಿಂದ ಎದ್ದೋರು. ನೋಡಬೇಕು.”

ಮುಳ್ಳು ಅರವತ್ತು ದಾಟಿದ ದಿನ ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು. “ಬರೀ ಕಾಳು ತಿಂದು ಇಷ್ಟು ಬಂದ್ರಿ. ಭೇಷ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಂಪಯ್ಯ ಮೀಸೆ ಒರೆಸಿಕೊಂಡ.

ತಡೆಯಲಾರದೆ ಒಂದು ದಿನ ಜಿಮ್ಮಿಗೇ ಹೋದ. ಶಶಿಕಲಾ ಕುರ್ಚಿ ಹಾಕಿದಳು. “ಕಾಳು ಅಂದ್ರ ಹಗುರ ತಿಳ್ಕೋಬ್ಯಾಡ್ರಿ ಕಾಕಾ. ಬ್ಯಾಳಿ, ಸೋಯಾ, ಮೊಸರು ಲೆಕ್ಕಾಚಾರದಾಗ ಉಂಡು ಭಾರ ಎತ್ತಿದ್ರ, ಮಾಂಸ ತಿಂದೋರಿಗಿಂತ ಏನೂ ಕಮ್ಮಿ ಇಲ್ಲ.”

“ಅದಿರ್ಲಿ ಯವ್ವಾ. ಅಕಿ ಎತ್ತೋದು ಯಾಕ?”

ಹುಡುಗಿ ನಗು ನುಂಗಿಕೊಂಡಳು. “ಹೇಳಬ್ಯಾಡಂತ ಗೋಪಮ್ಮ ಚಿಗವ್ವ ಬಾಯಿ ಕಟ್ಟ್ಯಾಳ. ಒಂದು ಮಾತ್ರ ಹೇಳ್ತೀನಿ. ನೀವು ಸ್ವಲ್ಪ ಕಮ್ಮಿ ಉಣ್ರಿ. ಅಕಿಗಿ ಸಲೀಸಾಗ್ತದ.”

ಸಲೀಸು! ಏನು ಮಾಡಲು ಸಲೀಸು? ಅದಕ್ಕೆ ಉತ್ತರ ಆ ವಾರವೇ ಸಿಕ್ಕಿತು.

“ಸೋಮವಾರ ರಜಾ ಹಾಕ್ರಿ. ದೇವಸುಗೂರಿಗೆ ಹೋಗೂಣು” ಎಂದಳು ಗೋಪಮ್ಮ.

“ಅಲ್ಲೇನದ?”

“ದೇವರು ಅದಾನ. ಹೊಳಿ ಅದ. ಮುಂಜಾನಿ ಏನೂ ತಿನಬ್ಯಾಡ್ರಿ.”

ಹೊಳೆ! ಹಂಪಯ್ಯನಿಗೆ ಎಲ್ಲವೂ ಬೆಳಕಿನಷ್ಟು ಸ್ಪಷ್ಟವಾಯಿತು. ಎತ್ತುವುದು, ಕೃಷ್ಣೆಗೆ ಒಗೆಯುವುದು. ಆಣೆ ಮುರಿದವನಿಗೆ ದೇವರೆದುರೇ ಶಿಕ್ಷೆ. ಅವನಿಗೆ ಈಜು ಬರುತ್ತಿರಲಿಲ್ಲ.

ಸೋಮವಾರ ರಾಯಚೂರಿನಲ್ಲಿ ಬಸ್ಸು ಬದಲಿಸುವಾಗ ಖಾನಾವಳಿಯ ವಾಸನೆ ಮೂಗಿಗೆ ಬಡಿಯಿತು. ಅವನ ಹೊಟ್ಟೆ ಗುಡುಗಿತು. ಗೋಪಮ್ಮ ಅತ್ತ ಒಮ್ಮೆ, ಇವನತ್ತ ಒಮ್ಮೆ ನೋಡಿ ಬಸ್ಸು ಹತ್ತಿದಳು.

ಹೊಳೆಯಲ್ಲಿ ಅವನು ಮೊಣಕಾಲುದ್ದದ ನೀರಿಗಷ್ಟೇ ಇಳಿದ. ದಡದ ಕಲ್ಲನ್ನು ಎರಡೂ ಕೈಯಿಂದ ಅವುಚಿಕೊಂಡು ಮುಳುಗೆದ್ದ. ಆಶ್ಚರ್ಯ, ಯಾರೂ ಅವನನ್ನು ಎತ್ತಿ ಒಗೆಯಲಿಲ್ಲ. ಗುಡಿಯ ಅಂಗಳಕ್ಕೆ ಬಂದ ಮೇಲೆ ಗೋಪಮ್ಮ ಕೈಮುಗಿದಳು. ಆಮೇಲೆ ಕಚ್ಚೆ ಬಿಗಿದಳು. ಸೆರಗು ನಡುವಿಗೆ ಸುತ್ತಿದಳು. ನೆಟ್ಟಗೆ ಅವನ ಕಡೆ ನಡೆದು ಬಂದಳು.

ಹಂಪಯ್ಯನ ಧೈರ್ಯ ಅಲ್ಲಿಗೆ ಮುಗಿಯಿತು. ನೆರೆದ ಭಕ್ತರನ್ನೂ ಲೆಕ್ಕಿಸದೆ ಕೈ ಜೋಡಿಸಿದ. “ತಪ್ಪಾಗ್ಯದ! ಪ್ರತಿ ಶುಕ್ರವಾರ ಬಿರಿಯಾನಿ ತಿಂದೀನಿ. ಮ್ಯಾಲ ಖೀಮಾನೂ ತಿಂದೀನಿ. ಹೊಡಿ, ಆದ್ರ ಹೊಳಿಗಿ ಮಾತ್ರ ಒಗೀಬ್ಯಾಡ!”

ಗೋಪಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

“ಎಲ್ಲಾ ಗೊತ್ತದ” ಎಂದಳು.

“ಗೊತ್ತಿದ್ದೂ ಸುಮ್ಮಕಿದ್ದಿ?”

“ಗಂಜಿ ಇಳೀದ ಗಂಟಲದಾಗ ಬಿರಿಯಾನಿ ಇಳಿಯಾಕತ್ತಿತ್ತು. ಬ್ಯಾಡಂತ ಹೆಂಗ ಅನ್ಲಿ?” ಅವಳು ತಿರುಗಿ ನಿಂತು, ಮೊಣಕಾಲು ಬಾಗಿಸಿ, ಅವನಿಗೆ ಬೆನ್ನು ಕೊಟ್ಟಳು. “ಹೂಂ, ಏರ್ರಿ.”

“ಎಲ್ಲಿಗಿ?”

“ಗುಡಿ ಮುಟ್ಟೋತನಕ ಹರಕಿ ಮಾತು ನಿಮ್ಮ ಮುಂದ ಆಡಬಾರದಿತ್ತು, ಅದಕ್ಕ ಹೇಳಿರಲಿಲ್ಲ. ನೀವು ಬದುಕಿದ್ರ ಮಾಂಸ ಬಿಟ್ಟು, ಬೆನ್ನ ಮ್ಯಾಲ ನಿಮ್ಮನ್ನ ಹೊತ್ತು ಗುಡಿ ಐದು ಸುತ್ತು ಬರ್ತೀನಂತ ಬೇಡಿಕೊಂಡಿದ್ದೆ. ಆವತ್ತು ನೀವು ನಲವತ್ತೆಂಟು ಕೆಜಿ ಇದ್ರಿ. ಆಮ್ಯಾಲ ನೀವು ತಿನಕೋತ ಹೋದ್ರಿ, ನಾ ಎತ್ತಕೋತ ಹೋದೆ.”