ಹುಣಸೆಮರದ ಎತ್ತರ

ಒಂದಾನೊಂದು ಊರಿನ ಶಾಲೆಯ ಮುಂದೆ ಹುಣಸೆಮರವೊಂದಿತ್ತು. ಅಜ್ಜಿಯ ಅಜ್ಜಿಯೂ ಅದಕ್ಕೆ ಉಯ್ಯಾಲೆ ಕಟ್ಟಿ ಆಡಿದ್ದಳಂತೆ. ಗಣಿತದ ಟೀಚರ್ ಒಂದು ಕೋಲು ನೆಟ್ಟು, ಕೋಲಿನ ನೆರಳು, ಮರದ ನೆರಳು ಎರಡನ್ನೂ ಅಳೆಸಿ, ಮರದ ಎತ್ತರ ಹೇಳುವ ಆಟ ಆಡಿಸಿದರು. ಏಳನೇ ತರಗತಿಯ ಇಂಚರಳ ಉತ್ತರ ಐವತ್ತೆರಡು ಅಡಿ.

"ಸರೀನಾ ಮಿಸ್?"

"ಹತ್ತಿ ನೋಡೋರು ಯಾರೇ? ನಿಮ್ಮಜ್ಜಿ ಕಥೆಯ ಬ್ರಹ್ಮರಾಕ್ಷಸನಾ?"

"ಟೇಪ್ ಹಿಡಿದು ಅಳೆದು ತೋರಿಸ್ಬೇಕು. ಮಾತು ಕೊಡಿ."

"ಕೊಟ್ಟೆ ಕಣೇ. ಒಂದಲ್ಲ ಒಂದು ದಿನ."

"ಮತ್ತೆ ಬೊಡ್ಡೆ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ನಲವತ್ತೇಳು ಅಂತ ಬರೆದಿದ್ದಾರಲ್ಲ, ಅವರ ಲೆಕ್ಕ ತಪ್ಪಲ್ವಾ?"

ಟೀಚರ್ ಆ ಅಂಕೆಯನ್ನು ಅಂಗೈಯಿಂದ ಉಜ್ಜಿ ನೋಡಿದರು.

ಸೋಮವಾರ ಅವರು ಟೇಪ್ ತಂದರು. ರಸ್ತೆ ಅಗಲ ಮಾಡುವವರು ಕಡಿಯಬೇಕಾದ ಮರಗಳಲ್ಲಿ ನಲವತ್ತೇಳನೆಯದೆಂದು ಗುರುತು ಹಾಕಿ, ಉರುಳಿಸಿ ಹೋಗಿದ್ದ ಮರವನ್ನು ಇಬ್ಬರೂ ಬುಡದಿಂದ ತುದಿಯವರೆಗೆ ಅಳೆದರು. ಐವತ್ತೆರಡೇ ಅಡಿ ಇತ್ತು.