ಅಪ್ಪ ಹೇಳಿದ ಹಾಗೇ

ಸಿಇಟಿ ಆಪ್ಷನ್ ಎಂಟ್ರಿಗೆ ಅದೇ ಕೊನೆಯ ದಿನ. ಸೈಬರ್ ಸೆಂಟರಿನಲ್ಲಿ ಅಪ್ಪ ಮಗಳ ಪಕ್ಕ ನಿಂತು ದೊಡ್ಡ ದೊಡ್ಡ ಕಾಲೇಜುಗಳ ಹೆಸರನ್ನೇ ಹೇಳಿ ಹಾಕಿಸುತ್ತಿದ್ದರು. ಎಲ್ಲದರಲ್ಲೂ ಕಂಪ್ಯೂಟರ್ ಸೈನ್ಸ್.

"ಸರ್, ಈ ರ‍್ಯಾಂಕಿಗೆ ಇವ್ಯಾವೂ ಬರಲ್ಲ," ಎಂದ ಸೆಂಟರಿನವನು. "ಚಿಕ್ಕ ಕಾಲೇಜುಗಳನ್ನೂ ಒಂದಷ್ಟು ಹಾಕ್ಸಿ."

"ನನ್ನ ಮಗಳು ಅಂಥ ಕಾಲೇಜಿಗೆ ಹೋಗ್ಬೇಕಾ? ಹೇಳಿದ್ದಷ್ಟು ಹಾಕ್ರಿ."

ಅವನು ಹುಡುಗಿಯ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ. ಎಷ್ಟೋ ಜನ ಇದೇ ತಪ್ಪು ಮಾಡಿ, ಸೀಟ್ ಸಿಗದೆ ಇಲ್ಲೇ ಬಂದು ಅಳ್ತಾರೆ."

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಬೇಡ ಅಣ್ಣ, ಅಪ್ಪ ಹೇಳಿದ ಹಾಗೇ ಇರ್ಲಿ."

ಅಪ್ಪ ಬೆರಗಾದರು. ಸಿವಿಲ್ ಓದಿ ಸೇತುವೆ ಕಟ್ಟುತ್ತೇನೆಂದು ಬೆಳಗ್ಗೆಯವರೆಗೂ ಜಗಳ ಕಾದಿದ್ದ ಮಗಳು ಇವಳೇನಾ? ಅವರ ದನಿ ಮೆತ್ತಗಾಯಿತು.

"ಹೋಗ್ಲಿ, ನಿನ್ನ ಸಮಾಧಾನಕ್ಕೆ ನೀನು ಹೇಳ್ತಿದ್ದ ಆ ಸರ್ಕಾರಿ ಕಾಲೇಜಿನ ಸಿವಿಲ್ ಒಂದು ಇರ್ಲಿ. ಎಲ್ಲಕ್ಕಿಂತ ಕೆಳಗೆ ಹಾಕ್ಸು."

ಅದನ್ನೂ ಹಾಕಿಸಿ, ಮಗಳು ದಾರಿಗೆ ಬಂದಳೆಂದು ಮನೆಗೆ ಫೋನ್ ಮಾಡಲು ಅವರು ಹೊರಗೆ ಹೋದರು.

ಸೆಂಟರಿನವನು ಪರದೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ ತಲೆ ಅಲ್ಲಾಡಿಸಿದ.

"ಇಷ್ಟರಲ್ಲಿ ನಿನಗೆ ಸಿಗೋದು ಆ ಕೊನೇ ಸಿವಿಲ್ ಸೀಟ್ ಒಂದೇ ಕಣಮ್ಮ."

"ಗೊತ್ತು ಅಣ್ಣ," ಅವಳು ಬಾಗಿಲ ಕಡೆ ನೋಡಿದಳು. "ಅಪ್ಪ ಒಳಗೆ ಬರೋದ್ರೊಳಗೆ ಸಬ್ಮಿಟ್ ಮಾಡಿ."