ಹೊಲಿದ ಅಧ್ಯಾಯ

ಪಾಠದ ಕಾದಂಬರಿಯ ಕೊನೆಯ ಅಧ್ಯಾಯವನ್ನು ಕಲಾವತಿ ಸೂಜಿದಾರದಿಂದ ಹೊಲಿದುಬಿಟ್ಟಿದ್ದಳು. ಪುಟಗಳ ಅಂಚಿನುದ್ದಕ್ಕೂ ಕಪ್ಪು ದಾರ, ಒತ್ತೊತ್ತು ಹೊಲಿಗೆ. ಮಾಲವಿಕಾ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಸವೇಶ್ವರನಗರದ ತನ್ನ ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವ ಅವಳು ಪಾಠ ತಪ್ಪಿಸಿಕೊಳ್ಳುವ ಉಪಾಯಗಳನ್ನು ಬೇಕಾದಷ್ಟು ಕಂಡಿದ್ದಳು. ಇಂಥದ್ದನ್ನು ಮಾತ್ರ ಕಂಡಿರಲಿಲ್ಲ. ಅದು ಎರಡು ಸಾವಿರದ ಎರಡನೇ ಇಸವಿಯ ಮಹಾಲಯ ಅಮಾವಾಸ್ಯೆ. ಬೇರೆ ಮಕ್ಕಳೆಲ್ಲ ಹಿರಿಯರ ಎಡೆ ಎಂದು ಮನೆಯಲ್ಲೇ ಉಳಿದಿದ್ದರು. ಮಧ್ಯಾಹ್ನದ ಬೀದಿ ಬಿಕೋ ಎನ್ನುತ್ತಿತ್ತು.

"ಏನೇ ಇದು ಅವತಾರ?"

"ಓದಿದ್ರೆ ಆಗೋಗುತ್ತೆ ಮಿಸ್."

ಕಾದಂಬರಿ ಯುದ್ಧಕಾಲದ್ದು. ಹದಿನೇಳರ ಹುಡುಗಿಯೊಬ್ಬಳು ಸೈನ್ಯಕ್ಕೆ ಹೋದ ತನ್ನಣ್ಣನ ಕಥೆ ಹೇಳುತ್ತಾಳೆ. ಕಲಾವತಿಗೂ ಅದೇ ವಯಸ್ಸು. ಅವಳ ಅಣ್ಣ ವೀರೇಶನೂ ಕಾಶ್ಮೀರದ ಗಡಿಯಲ್ಲಿದ್ದ. ಪುಸ್ತಕದ ಅಣ್ಣನ ರಜೆ ರದ್ದಾದ ಪುಟ ಓದಿದ ವಾರವೇ ವೀರೇಶನ ರಜೆ ರದ್ದಾಯಿತು. ಪುಸ್ತಕದಲ್ಲಿ ಅಣ್ಣನ ಸುದ್ದಿ ನಿಂತುಹೋಯಿತು. ಇತ್ತ ವೀರೇಶನ ಭಾನುವಾರದ ಫೋನೂ ನಿಂತಿತು.

"ಕೋಇನ್ಸಿಡೆನ್ಸ್ ಕಣೇ ಅದು. ಯಾರೋ ಬರೆದಿದ್ದಕ್ಕೂ ನಿಮ್ಮಣ್ಣಂಗೂ ಏನೇ ಸಂಬಂಧ?"

"ನೀವೇ ಹೇಳಿದ್ರಲ್ಲ ಮಿಸ್, ಕೊನೇಲಿ ಆಗೋದಕ್ಕೆ ಮೊದ್ಲೇ ಅಲ್ಲಲ್ಲಿ ಸುಳಿವು ಕೊಟ್ಟಿರ್ತಾರೆ, ಅದೇ ಟೆಕ್ನಿಕ್ ಅಂತ. ನಮ್ಮನೇಲಿ ಈಗ ಬರೀ ಸುಳಿವೇ ಕಾಣ್ತಾ ಇದೆ."

ಹುಡುಗಿಯ ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಮಾಲವಿಕಾ ಆ ಬೆರಳುಗಳನ್ನೇ ನೋಡಿದಳು. ಕೊನೆಯ ಅಧ್ಯಾಯದಲ್ಲಿ ಆ ಅಣ್ಣ ಸಾಯುತ್ತಾನೆ. ಅದನ್ನು ಇವಳಿಗೆ ಯಾವ ಬಾಯಲ್ಲಿ ಹೇಳುವುದು?

"ಕೊನೇಲಿ ಅವನು ವಾಪಸ್ ಬರ್ತಾನೆ ಕಣೇ."

"ಸುಳ್ಳು ಹೇಳ್ಬೇಡಿ ಮಿಸ್. ಏನೂ ಕಳ್ಕೊಳ್ದೆ ಮುಗಿಯೋ ಯುದ್ಧದ ಕಥೆನ ಯಾರೂ ನಂಬಲ್ಲ ಅಂತ ಹೇಳ್ಕೊಟ್ಟಿದ್ದೂ ನೀವೇ."

ಮಾಲವಿಕಾ ಸಿಕ್ಕಿಬಿದ್ದಳು. ನಂಬಿಸಬೇಕಾದರೆ ಒಂದು ನಷ್ಟ ಬೇಕು, ಅದೂ ಕಣ್ಣಿಗೆ ಕಟ್ಟುವಂಥ ವಿವರದ ಸಮೇತ. ವರ್ಷಗಟ್ಟಲೆ ಪಾಠ ಮಾಡಿದ ನಾಲಿಗೆ, ಯೋಚಿಸುವ ಮೊದಲೇ ಹೊರಳಿತು.

"ಕಳ್ಕೋತಾನೆ. ಬಲಗೈ. ಮೊಣಕೈವರೆಗೆ."

ಕಲಾವತಿ ಅವಳ ತುಟಿಯನ್ನೇ ನೋಡುತ್ತಿದ್ದಳು. "ಜೀವಕ್ಕೇನೂ ಆಗಲ್ಲ ಅಲ್ವಾ?"

"ಇಲ್ಲ. ಮನೆಗೆ ಬಂದು ಅಮ್ಮನ ಕೈತುತ್ತು ತಿಂತಾನೆ."

ಹುಡುಗಿ ದೀರ್ಘವಾಗಿ ಉಸಿರುಬಿಟ್ಟಳು. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. "ಹಂಗಾದ್ರೆ ಇದೇ ಇರ್ಲಿ ಮಿಸ್," ಎಂದು ಹೇಳಿ ಹೊರಟುಹೋದಳು. ಆ ದಿನದಿಂದ ಟ್ಯೂಷನ್ನಿಗೆ ಬರಲಿಲ್ಲ.

ಡಿಸೆಂಬರಿನಲ್ಲಿ ಅವಳ ತಾಯಿ ದುರ್ಗವ್ವನ ಫೋನು ಬಂತು. "ಮಗಾ ಬಂದಾನ್ರೀ ಮೇಡಮ್ಮಾರ. ನಿಮ್ಮನ್ನ ಕರೀಲೇಬೇಕು ಅಂತ ಕಲಾ ಹಟ ಹಿಡದಾಳ." ಮಾಲವಿಕಾ ಖುಷಿಯಿಂದಲೇ ಸ್ಕೂಟಿ ಹತ್ತಿ ನಾಯಂಡಹಳ್ಳಿಗೆ ಹೋದಳು.

ಗ್ಯಾರೇಜಿನ ಹಿಂದೆ ಒಂದೇ ಕೋಣೆಯ ಮನೆ. ವೀರೇಶ ಚಾಪೆಯ ಮೇಲೆ ಕೂತಿದ್ದ. ದುರ್ಗವ್ವ ರೊಟ್ಟಿ ಮುರಿದು ಅವನ ಬಾಯಿಗೆ ತುತ್ತಿಡುತ್ತಿದ್ದಳು. ಅವನ ಅಂಗಿಯ ಬಲತೋಳನ್ನು ಮೊಣಕೈ ಹತ್ತಿರ ಮಡಚಿ ಪಿನ್ನು ಚುಚ್ಚಿದ್ದರು.

"ಮಹಾಲಯ ಅಮಾಸಿ ದಿನಾ ಮಧ್ಯಾಹ್ನ ಶೆಲ್ ಬಿತ್ತಂತ್ರಿ," ದುರ್ಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಜೊತಿಗಿದ್ದವ್ರು ಯಾರೂ ಉಳೀಲಿಲ್ರಿ. ಇವ ಹೆಂಗ ಉಳದ ಅಂತ ಡಾಕ್ಟರಿಗೂ ತಿಳೀಲಿಲ್ಲಂತ. ನಮ್ ಪುಣ್ಯಾ."

ಕೊಟ್ಟ ಚಹಾದ ಲೋಟವನ್ನು ಮಾಲವಿಕಾ ಹಾಗೇ ಕೆಳಗಿಟ್ಟಳು. ಕಾಕತಾಳೀಯ, ಕಾಕತಾಳೀಯ ಎಂದು ತನಗೆ ತಾನೇ ಹೇಳಿಕೊಂಡಳು. ಭಯವೇನೂ ಕಡಿಮೆಯಾಗಲಿಲ್ಲ. ಹೇಗೋ ಎದ್ದು ಹೊರಬಿದ್ದಳು.

ಕಲಾವತಿ ಸ್ಕೂಟಿಯ ತನಕ ಬಂದಳು. ಮುಖದಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಬಗ್ಗಿ ಮಿಸ್‌ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ, ಒಳಗಿದ್ದವರಿಗೆ ಕೇಳಿಸದ ಹಾಗೆ, ಮೆಲ್ಲಗೆ ಹೇಳಿದಳು:

"ಎಡಗೈ ಅಂದಿದ್ರೂ ನಾನು ನಂಬ್ತಿದ್ನಲ್ಲಾ ಮಿಸ್."